ರೆಕ್ಕೆ ಕುದುರೆಯ ಶನಿವಾರ

ನಾರ್ವೆ, ಕೊಪ್ಪ ತಾಲ್ಲೂಕು
೧೦-೧೧-೨೦೨೫

ಪ್ರೀತಿಯ ಯೋಗೇಶಾ,

ಹೇಗಿದ್ದೀಯ? ಊಟ ಸೇರುತ್ತಿದೆಯಾ? ಕೈ ನಡುಗುವುದು ಕಡಿಮೆಯಾಗಿದೆ, ನಿದ್ದೆಯೂ ಬರುತ್ತಿದೆ ಎಂದು ಡಾಕ್ಟರಮ್ಮ ಅನಿತಾಳಿಗೆ ಫೋನಿನಲ್ಲಿ ಹೇಳಿದರಂತೆ. ಕುಡಿತ ಬಿಡಿಸುವ ಆ ಕೇಂದ್ರದಲ್ಲಿ ನಿಮ್ಮ ಕೈಗೆ ಫೋನು ಕೊಡುವುದಿಲ್ಲ, ಕಾಗದ ಬರೆಯಬಹುದು ಎಂದರು. ಅದಕ್ಕೇ ಏಳನೇ ಕ್ಲಾಸಿಗೆ ಬಿಟ್ಟ ಅಕ್ಷರವನ್ನು ಈಗ ಮತ್ತೆ ತಿದ್ದುತ್ತಿದ್ದೇನೆ; ತಪ್ಪಿದ್ದರೆ ನಗಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಇದ್ದದ್ದೇ. ನಿನ್ನ ಹೆಂಡತಿ ಅನಿತಾ ಒಂದು ದಿನವೂ ಕೆಲಸ ತಪ್ಪಿಸಿಲ್ಲ. ಮಗಳು ಕೃತಿಕಾಳ ಮುಂದಿನ ಎರಡು ಹಲ್ಲು ಬಿದ್ದಿವೆ, ಮಾತಾಡಿದರೆ ಗಾಳಿಯೇ ಹೆಚ್ಚು.

ಹೋದ ಭಾನುವಾರ ಅವಳು ಅನಿತಾಳ ಮೊಬೈಲಿನಲ್ಲಿ ಏನೋ ಆಡುತ್ತ ಕೂತಿದ್ದಳು. ನಾನು ಅಕ್ಕಿ ಆರಿಸುತ್ತಿದ್ದೆ. ಆ ಪೀಂ ಪೀಂ ರಾಗ ಕಿವಿಗೆ ಬಿದ್ದದ್ದೇ ತಡ, ಮೊರ ಕೆಳಗಿಟ್ಟು ಹೋಗಿ ನೋಡಿದೆ. ನಾನು ಹಿಂದೆ ಆಡುತ್ತಿದ್ದ ಅದೇ ಆಟ ಮಾರಾಯ! ಬಿಳಿ ರೆಕ್ಕೆ ಕುದುರೆ, ಅದರ ಮೇಲೆ ಬಿಲ್ಲು ಹಿಡಿದ ರಾಜಕುಮಾರಿ. ಹಳೆಯ ಆಟಗಳನ್ನೆಲ್ಲ ಈಗ ಫೋನಿಗೆ ಹಾಕಿದ್ದಾರಂತೆ. “ಅಜ್ಜೀ, ನಿಂಗೆ ಬರಲ್ಲ, ಬಿಡು” ಎಂದಳು. ಮೊಬೈಲು ಕೈಗೆ ತೆಗೆದುಕೊಂಡ ನಾನು ಮೂರನೆಯ ಕೋಟೆ ದಾಟುವವರೆಗೂ ವಾಪಸು ಕೊಡಲಿಲ್ಲ. ಅವಳು ಬಿಟ್ಟ ಬಾಯಿ ಮುಚ್ಚಲಿಲ್ಲ.

ಕೊಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಪರಮಶಿವಯ್ಯನವರ ಕ್ಯಾಸೆಟ್ ಅಂಗಡಿ ಇತ್ತಲ್ಲ, ನೆನಪಿದೆಯಾ? ನೀನು ಎರಡನೇ ಕ್ಲಾಸಿನಲ್ಲಿದ್ದಾಗ ನಾನು ಅಲ್ಲಿ ಗುಡಿಸಿ ಒರೆಸುತ್ತಿದ್ದೆ, ಅವರು ಊಟಕ್ಕೆ ಹೋದಾಗ ಅಂಗಡಿ ನೋಡಿಕೊಳ್ಳುತ್ತಿದ್ದೆ. ಒಳಗಿನ ಕೋಣೆಯಲ್ಲಿ ಒಂದು ಟಿವಿ, ಅದಕ್ಕೆ ಜೋಡಿಸಿದ ವಿಡಿಯೋ ಗೇಮ್. ಧೂಳು ಹೊಡೆಯುವಾಗ ಒಮ್ಮೆ ಗುಂಡಿ ಒತ್ತಿ ನೋಡಿದೆ, ಅಷ್ಟೇ. ಕಾಡು ಮೇಲಿನಿಂದ ಕೆಳಕ್ಕೆ ಜಾರಿ ಬರುತ್ತಿತ್ತು, ಕುದುರೆ ಮೇಲೆ ಮೇಲೆ ಹಾರುತ್ತಿತ್ತು. ಬಾವಲಿಗಳು, ಬೆಂಕಿ ಉಗುಳುವ ಹಾವುಗಳು, ಮೂಳೆಯ ಸೈನಿಕರು ಸಾಲುಸಾಲಾಗಿ ಎದುರು ಬರುತ್ತಿದ್ದರು. ನೀಲಿ ಹಣ್ಣು ಸಿಕ್ಕಿದರೆ ಒಂದರ ಬದಲು ಮೂರು ಬಾಣ. ಕಾಡು ದಾಟಿದರೆ ಕೋಟೆ, ಕೋಟೆ ದಾಟಿದರೆ ಮೋಡ, ಮೋಡದೊಳಗೆ ಮತ್ತೊಂದು ಕೋಟೆ. ದಿನವಿಡೀ ಬಗ್ಗಿ ಗುಡಿಸುವವಳಿಗೆ ಅದೆಂಥಾ ಸುಖ ಅಂತೀಯ! ಒಂದು ದಿನ ಪರಮಶಿವಯ್ಯನವರ ಕಣ್ಣಿಗೆ ಬಿದ್ದೆ. ಬೈಯುತ್ತಾರೆ ಅಂದುಕೊಂಡರೆ, “ಆಡು ಯಮುನಾ, ಟಿವಿ ಬಿಸಿ ಆದ್ರೆ ಆಫ್ ಮಾಡು ಮಾರಾಯ್ತಿ” ಎಂದು ನಕ್ಕರು. ಆಮೇಲೆ ಸಾರಿಗೆ ಉಪ್ಪು ಹಾಕುವಾಗಲೂ ನನ್ನ ಹೆಬ್ಬೆರಳು ತಾನಾಗಿಯೇ ಅಲುಗುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ನಿನಗೂ ಹೇಳದ ಒಂದು ವಿಷಯವಿದೆ. ಒಂದು ಶನಿವಾರ, ನಿನಗೆ ಅರ್ಧ ದಿನ ಶಾಲೆ, ಹನ್ನೊಂದೂವರೆಗೆ ನಾನು ಬಂದು ಕರೆದುಕೊಂಡು ಹೋಗಬೇಕಿತ್ತು. ಪರಮಶಿವಯ್ಯನವರು ಮದುವೆಗೆಂದು ಶೃಂಗೇರಿಗೆ ಹೋಗಿದ್ದರು. ಅವತ್ತೇ ಮೊದಲ ಸಲ ಕೊನೆಯ ರಾಕ್ಷಸನ ಎದುರು ನಿಂತೆ. ಅವನಿಗೆ ಒಂದೇ ಕಣ್ಣು. ಅದು ತೆರೆದಾಗ ಹೊಡೆದರೆ ಮಾತ್ರ ತಾಗುತ್ತಿತ್ತು. ಸತ್ತೆ, ಮತ್ತೆ ಆಡಿದೆ. ಇನ್ನೊಂದೇ ಸಲ ಎನ್ನುತ್ತ ಕೂತೆ. ಗೋಡೆಯ ಗಡಿಯಾರ ಕಾಣುತ್ತಿತ್ತು ಯೋಗೇಶಾ. ಕಾಣಲಿಲ್ಲ ಎಂದು ಈಗ ಹೇಳಲಾರೆ. ಕೊನೆಗೂ ರಾಕ್ಷಸ ಸತ್ತ. ಇಂಗ್ಲಿಷಿನಲ್ಲಿ ಎರಡು ಸಾಲು ಬಂತು, ನನಗೆ ಓದಲು ಬರಲಿಲ್ಲ. ಆಮೇಲೆ ಮತ್ತೆ ಅದೇ ಮೊದಲ ಕಾಡು, ಅದೇ ಬಾವಲಿ. ಅಂಗಡಿ ಮುಚ್ಚಿ ಓಡುವಾಗ ಎರಡು ಗಂಟೆ ದಾಟಿತ್ತು.

ಶಾಲೆಗೆ ಬೀಗ ಬಿದ್ದಿತ್ತು. ನೀನು ಕಾದು ಕಾದು ನಾರ್ವೆ ರಸ್ತೆ ಹಿಡಿದು ಒಬ್ಬನೇ ನಡೆದಿದ್ದೆ. ಮೋರಿಯ ಹತ್ತಿರ ಬಿದ್ದು ಗದ್ದ ಒಡೆದುಕೊಂಡಿದ್ದೆ. ಪಕ್ಕದ ಮನೆಯ ಕರಿಯಕ್ಕ ಕಂಡು, ಗಾಯಕ್ಕೆ ಸೆರಗು ಒತ್ತಿ ಹಿಡಿದು, ನಿನ್ನನ್ನು ಮನೆ ಸೇರಿಸಿದ್ದಳು. ಅಪ್ಪ ಕೇಳಿದಾಗ, “ನಾ ಹೋಗೋದ್ರೊಳಗೆ ಇವ್ನೇ ಓಡಿ ಬಂದಿದಾನೆ” ಎಂದುಬಿಟ್ಟೆ. ಅಪ್ಪ ನಿನಗೆ ಹೊಡೆದರು. ನೀನು ಅಳಲಿಲ್ಲ, ಹಾಗಲ್ಲ ಎನ್ನಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದೆ. ಸೋಮವಾರ ಹೋಗಿ ಆ ಕೆಲಸ ಬಿಟ್ಟು ಬಂದೆ. ಆಟ ಬಿಡುವುದು ಕಷ್ಟವಾಯಿತು, ಆದರೂ ಆಯಿತು. ಸುಳ್ಳನ್ನು ಒಪ್ಪಿಕೊಳ್ಳಲು ಮಾತ್ರ ಇಪ್ಪತ್ತಾರು ವರ್ಷ ಹಿಡಿಯಿತು.

ಕೇಂದ್ರಕ್ಕೆ ಹೋಗುವ ದಿನ ಜೀಪು ಹತ್ತುತ್ತ, “ನಿಂಗೆ ಇದೆಲ್ಲ ಎಂತ ಗೊತ್ತಾಗುತ್ತಮ್ಮ” ಎಂದೆಯಲ್ಲ. ನಿನ್ನ ಕಷ್ಟದ ಮುಂದೆ ನನ್ನ ಆಟ ಏನೂ ಅಲ್ಲ. ಆದರೆ ‘ಇನ್ನೊಂದೇ ಸಲ’ ಎನ್ನುವ ಮಾತು ನನಗೂ ಸ್ವಲ್ಪ ಗೊತ್ತು ಮಗಾ. ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ನಿನಗೆ ನನ್ನ ಮೇಲೆ ಸಿಟ್ಟು ಬಂದರೆ ಅದು ನ್ಯಾಯವೇ.

ಹೊಟ್ಟೆ ತುಂಬ ಉಣ್ಣು, ಡಾಕ್ಟರಮ್ಮ ಹೇಳಿದಂತೆ ಕೇಳು. ಮನೆದೇವರು ನಿನ್ನ ಜೊತೆಗಿರಲಿ.

ನಿನ್ನ ಅಮ್ಮ,
ಯಮುನಮ್ಮ

ಇನ್ನೊಂದು ಮಾತು: ಕಾಗದ ಮಡಿಸುವ ಮೊದಲು ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. “ಹುಡುಗನಿಗೆ ಸುಮ್ನೆ ಹೊಡ್ದ್‌ಬಿಟ್ನಲ್ಲೇ” ಎಂದರು. ಹದಿನಾರನೇ ತಾರೀಕು ಭಾನುವಾರ ನಿನ್ನನ್ನು ನೋಡಲು ಬಿಡುತ್ತಾರಂತೆ. ಕುಡುಕನ ಮುಖ ನೋಡಲ್ಲ ಎಂದು ಹಟ ಹಿಡಿದಿದ್ದವರು ಈಗ, “ನಾನೂ ಬರ್ತೀನಿ, ಅವ್ನಿಗೆ ನಾನೇ ಹೇಳ್ಬೇಕು” ಎನ್ನುತ್ತಿದ್ದಾರೆ. ಅವರಿಗೆ ಬೇಗ ಮಾತು ಹೊರಡುವುದಿಲ್ಲ, ನಿನಗೆ ಗೊತ್ತಲ್ಲ. ಎದ್ದು ಹೋಗಬೇಡ, ಸ್ವಲ್ಪ ಕಾಯು.