ಹೆಲನ್ ಮನೆಯ ಅವರೆಕಾಯಿ

ಗ್ರೇಸಕ್ಕ,

ದೇವರ ಬಳಿ ಹೋದಮೇಲೂ ನೀವು ನನ್ನನ್ನು ಹಿಂದೆ ಹಾಕುವುದನ್ನು ಬಿಟ್ಟಿಲ್ಲ. ಗಂಡ ತೀರಿಕೊಂಡ ಮೇಲೆ ನಮ್ಮ ಸಿಎಸ್‌ಐ ಚರ್ಚಿನ ಕಡೆ ತಲೆಹಾಕದಿದ್ದ ರಾಜೀವನಗರದ ಹೆಲನ್ ಇವತ್ತು ಆರಾಧನೆಗೆ ಬಂದಳು. ವಾರವಾರವೂ ಸುವಾರ್ತೆಯ ಪುಸ್ತಿಕೆ ಹಿಡಿದು ಅವಳ ಬಾಗಿಲು ತಟ್ಟಿದವಳು ನಾನು. ದೇವರು ತನ್ನನ್ನು ಹೇಗೆ ಮರಳಿ ಕರೆತಂದನೆಂದು ಸಭೆಯ ಮುಂದೆ ಸಾಕ್ಷಿ ಹೇಳಲು ಅವಳು ಎದ್ದಾಗ ಸೆರಗು ಸರಿಮಾಡಿಕೊಂಡು ಕೂತೆ.

“ಗ್ರೇಸಕ್ಕ ಬೈಬಲಿಂದ ಒಂದು ವಾಕ್ಯನೂ ಹೇಳ್ಲಿಲ್ಲ ಕಣ್ರೀ. ಸುಮ್ನೆ ನನ್ ಪಕ್ಕ ಅವರೆಕಾಯಿ ಸುಲೀತಾ ಕೂತಿದ್ರು. ಅವ್ರಿಂದ್ಲೇ ಇವತ್ತು ಬಂದೆ,” ಅಂದಳು. ಎಲ್ಲರೂ ಕಣ್ಣೊರೆಸಿಕೊಂಡರು. ನಾನು ಎಲ್ಲರಿಗಿಂತ ಜೋರಾಗಿ ‘ಆಮೆನ್’ ಅಂದೆ.

ನಮ್ಮ ಯಜಮಾನರು ತೀರಿಹೋದಾಗ ನೀವು ಬಂದು, ಬೈಬಲಿನ ಒಂದು ಕೀರ್ತನೆ ಓದಿ, ಪ್ರಾರ್ಥನೆ ಮಾಡಿ ಎದ್ದು ಹೊರಟಿರಿ. ಅವತ್ತು ನಮ್ಮ ಮನೆಯಲ್ಲೂ ಅವರೆಕಾಯಿ ಇತ್ತಕ್ಕ.