ಒಂದು ಹಿಡಿ ಗೋಧಿ

ಅವ್ವಾ,

ಈ ಕಾಗದದಲ್ಲಿ ಮೊದಲು ಕ್ಷೇಮ ಸಮಾಚಾರ ಹುಡುಕಬೇಡ. ಕ್ಷೇಮವಾಗಿದ್ದರೆ ಬರೆಯುತ್ತಿದ್ದೆ. ನನ್ನ ತಮ್ಮ ಸ್ವಾಮಿಯ ಕೈಲೂ ಓದಿಸಬೇಡ, ನಿನಗೆ ನೋವಾದೀತೆಂದು ಅವನು ಅರ್ಧ ನುಂಗಿ ಓದುತ್ತಾನೆ. ನಾಲ್ಕನೇ ಕ್ಲಾಸು ಕಲಿತವಳು ನೀನು, ಬೆರಳಿಟ್ಟುಕೊಂಡು ನಿಧಾನವಾಗಿ ನೀನೇ ಓದು. ಫೋನಿನಲ್ಲಿ ಬೈಯೋಣವೆಂದರೆ ನೀನು ಅಳುತ್ತೀಯ, ಆಮೇಲೆ ನಾನೇ ಸಮಾಧಾನ ಮಾಡಬೇಕು. ಈ ಸಲ ನಾನು ಯಾರನ್ನೂ ಸಮಾಧಾನ ಮಾಡುವುದಿಲ್ಲ.

ಸ್ಪಂದನಳ ಕಾಯಿಲೆ ನಿನಗೆ ಗೊತ್ತಿಲ್ಲದ್ದೇನಲ್ಲ. ಎಂಟು ತುಂಬಿದ ಮೊಮ್ಮಗಳು ಐದರ ಕೂಸಿನ ಹಾಗೆ ಕಾಣುತ್ತಾಳೆಂದು ಮೊದಲು ಕಣ್ಣೀರು ಹಾಕಿದವಳೇ ನೀನು. ಮೈಸೂರಿನ ಡಾಕ್ಟರು ನಿನ್ನ ಎದುರಿಗೇ ಹೇಳಿದರು: ಗೋಧಿಯಲ್ಲಿರುವ ಗ್ಲುಟೆನ್ ಈ ಮಗುವಿನ ಕರುಳನ್ನು ಹಾಳು ಮಾಡುತ್ತಿದೆ, ಗೋಧಿ, ಮೈದಾ, ರವೆ ಒಂದು ಚೂರೂ ಬೇಡ, ಜೀವನಪೂರ್ತಿ. ನೀನು ತಲೆಯಾಡಿಸಿದೆ. ನಿನಗೆ ಅರ್ಥವಾಯಿತೆಂದು ನಾನು ನಂಬಿದೆ.

ಅವತ್ತಿನಿಂದ ನಮ್ಮ ಮನೆಯೊಳಗೆ ಗೋಧಿ ಬಂದಿಲ್ಲ. ನಿನ್ನ ಅಳಿಯನಿಗೆ ಚಪಾತಿ ತಿನ್ನಬೇಕೆನಿಸಿದರೆ ಹೋಟೆಲಿನಲ್ಲಿ ತಿಂದು, ಕೈಬಾಯಿ ತೊಳೆದುಕೊಂಡು ಬಂದು ಮಗ್ಗಕ್ಕೆ ಕೂರುತ್ತಾರೆ. ಸ್ಪಂದನ ಗೆಳತಿಯರ ಹುಟ್ಟುಹಬ್ಬಕ್ಕೆ ಹೋದರೆ ಕೇಕನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು, ಬಾಗಿಲಾಚೆಯೇ ನಿಂತು ಅಪ್ಪನ ಕೈಗೆ ಕೊಡುತ್ತಾಳೆ. ಒಂದು ದಿನವೂ ಹಟ ಮಾಡಲಿಲ್ಲ. ವರ್ಷವಾದ ಮೇಲೆ ಮೊದಲ ಸಲ ಅವಳು ಬಾಯಿಬಿಟ್ಟು ಕೇಳಿದ್ದು ಕುಕ್ಕಿ ಹಿಟ್ಟು. ಮೊಬೈಲಿನಲ್ಲಿ ನೋಡಿದ್ದಳು. "ಅಮ್ಮ, ಇದನ್ನ ಬೇಯಿಸೋದೇ ಬ್ಯಾಡ್ವಂತೆ. ಹಸಿ ಬಿಸ್ಕೆಟ್ ಹಿಟ್ಟನ್ನೇ ಚಮಚದಲ್ಲಿ ತಿನ್ನೋದಂತೆ. ನಂಗೂ ಮಾಡ್ಕೊಡು" ಅಂದಳು. ನಮ್ಮ ತಂಬಿಟ್ಟಿನ ದೂರದ ನೆಂಟ ಅದು, ಅಷ್ಟೇ. ಆದರೆ ಅವಳಿಗೆ ತಂಬಿಟ್ಟು ಬೇಡ, ಎಲ್ಲ ಮಕ್ಕಳು ತಿನ್ನುವಂಥದ್ದು ಬೇಕು.

ಅಕ್ಕಿ ಹಿಟ್ಟಿನಲ್ಲಿ ಮಾಡಿದೆ, ಹಲ್ಲಿಗೆ ಮರಳು ಸಿಕ್ಕಿದ ಹಾಗಾಯಿತು. ಕಡಲೆ ಹಿಟ್ಟಿನಲ್ಲಿ ಮಾಡಿದೆ, ವಾಸನೆಗೆ ಮುಖ ತಿರುಗಿಸಿದಳು. ಕೊನೆಗೆ ನಿನಗೇ ಫೋನ್ ಮಾಡಿ ನಮ್ಮ ಹೊಲದ ರಾಗಿಯ ಹಿಟ್ಟು ಕಳಿಸು ಅಂದೆ. ಪುಟ್ಟಮಾದಪ್ಪನ ಮಿಲ್ಲಿನಲ್ಲೇ ಬೀಸಿಸು, ಅಲ್ಲಿ ರಾಗಿಗೇ ಬೇರೆ ಮಿಷನ್ ಇದೆ, ಗೋಧಿಯ ಧೂಳೂ ಸೋಕಬಾರದು ಅಂತ ಎರಡು ಸಲ ಹೇಳಿದೆ. "ಆಯ್ತು ಕಣವ್ವ, ನಂಗೊತ್ತಿಲ್ವಾ" ಅಂದೆ ನೀನು.

ಆ ಹಿಟ್ಟನ್ನು ಹಸಿ ವಾಸನೆ ಹೋಗುವ ತನಕ ಸಣ್ಣ ಉರಿಯಲ್ಲಿ ಹುರಿದೆ, ಮತ್ತೆ ಬೇಯಿಸುವುದಿಲ್ಲವಲ್ಲ. ಆರಿಸಿ, ಎರಡು ಸಲ ಜರಡಿ ಹಿಡಿದೆ. ಬೆಣ್ಣೆಗೆ ಬೆಲ್ಲದ ಪುಡಿ ಹಾಕಿ ಕೈ ಸೋಲುವ ತನಕ ಕಡೆದೆ. ಚಿಟಿಕೆ ಉಪ್ಪು, ಎರಡು ಚಮಚ ಹಾಲು, ಪ್ಯಾಕೆಟ್ಟಿನ ಮೇಲಿನ ಅಕ್ಷರ ಅಕ್ಷರ ಓದಿ ತಂದ ಚಾಕಲೇಟಿನ ಚೂರು. ನಿನ್ನ ಹಿಟ್ಟು ಸೇರಿಸಿ ಕಲಸಿದರೆ ಎಷ್ಟು ಹದವಾಗಿ ಬಂತು ಅಂತೀಯ. ಸ್ಪಂದನ ಬಟ್ಟಲು ತಬ್ಬಿಕೊಂಡು ತಿಂದಳು. ಮಾರನೇ ದಿನ ಡಬ್ಬಿ ತುಂಬಿಕೊಂಡು ಸ್ಕೂಲಿಗೆ ಹೋಗಿ ಎಲ್ಲರಿಗೂ ಒಂದೊಂದು ಚಮಚ ಹಂಚಿದಳು. ಬೇರೆಯವರಿಗೆ ಕೊಡುವಂಥದ್ದು ಅವಳ ಕೈಯಲ್ಲಿ ಇದ್ದದ್ದು ಅವತ್ತೇ ಮೊದಲು. ನಾನು ಹೆಮ್ಮೆಯಿಂದ ವಾರಕ್ಕೆರಡು ಸಲ ಮಾಡಿದೆ. ನನ್ನ ಕೈಯಾರೆ ಮಾಡಿದೆ, ಅವ್ವಾ.

ಹತ್ತು ದಿನಕ್ಕೆ ಹೊಟ್ಟೆ ಉಬ್ಬಿತು. ಆಮೇಲೆ ಭೇದಿ, ವಾಂತಿ. ವರ್ಷವಿಡೀ ಒದ್ದಾಡಿ ಏರಿಸಿದ್ದ ಮೂರು ಕೆಜಿಯಲ್ಲಿ ಎರಡು ಕೆಜಿ ಒಂದೇ ತಿಂಗಳಲ್ಲಿ ಇಳಿದುಹೋಯಿತು. ನಾನು ಚಾಕಲೇಟು ಎಸೆದೆ, ಬೆಣ್ಣೆ ಬದಲಿಸಿದೆ, ಚಮಚಗಳನ್ನೂ ತಿಪ್ಪೆಗೆ ಹಾಕಿದೆ. ನಿನ್ನ ಹಿಟ್ಟಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅದರದ್ದೇ ಗಂಜಿ ಕಾಯಿಸಿ ಕುಡಿಸಿದೆ. ಒಂದು ದಿನ ಸ್ಪಂದನ ಬಾಯಿ ಮುಚ್ಚಿಕೊಂಡಳು. "ನಿನ್ ಕೈದು ಬ್ಯಾಡಮ್ಮ" ಅಂದಳು. ಈಗ ಅವಳು ತಿನ್ನುವುದು ಬಾಳೆಹಣ್ಣು, ಕಿತ್ತಳೆ, ಬೇಯಿಸಿದ ಮೊಟ್ಟೆ. ಸಿಪ್ಪೆ ಇರುವುದನ್ನು ಮಾತ್ರ, ಅದನ್ನೂ ತಾನೇ ಸುಲಿದುಕೊಂಡು. ನಾನು ಸುಲಿದರೆ ಮುಟ್ಟುವುದಿಲ್ಲ.

ಕೊನೆಗೆ ಉಳಿದದ್ದು ಮಿಲ್ಲು. ಸೋಮವಾರ ಮುಳ್ಳೂರಿಗೆ ಬಂದೆ. ನಿನಗೆ ತಿಳಿಸಲಿಲ್ಲ. ಹತ್ತು ಜನರ ಮುಂದೆ ಪುಟ್ಟಮಾದಪ್ಪನ ಮೇಲೆ ಎಗರಾಡಿದೆ, ನನ್ನ ಮಗಳನ್ನು ಕೊಲ್ಲಬೇಕು ಅಂತಿದ್ದೀಯಾ ಅಂದೆ. ಆ ವಯಸ್ಸಾದ ಮನುಷ್ಯ ಮಿಷನ್ ನಿಲ್ಲಿಸಿ, ಹಿಟ್ಟು ಹತ್ತಿದ ಮುಖ ಒರೆಸಿಕೊಂಡು ಹೇಳಿದ: "ನನ್ ಮಿಷನ್ಗೆ ರಾಗಿ ಬುಟ್ರೆ ಬ್ಯಾರೆ ಸುರಿಯಕ್ಕಿಲ್ಲ ಕಣವ್ವ. ನಿಮ್ಮವ್ವನೇ ಮನೇಲಿ ಒಂದಿಡಿ ಗೋದಿ ಬೆರ್ಸ್ಕ ತತ್ತಾಳೆ. ಅದಿಲ್ದಿದ್ರೆ ರೊಟ್ಟಿ ಅರ್ದೋಯ್ತದ ಅಂತಾಳೆ." ನನ್ನ ತಲೆ ನೆಲಕ್ಕೆ ಇಳಿಯಿತು. ನಿನ್ನ ಮನೆಯ ಮುಂದಿನಿಂದಲೇ ನಡೆದು ಬಸ್ಸು ಹತ್ತಿದೆ. ನೀನು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಕರೆಯಲಿಲ್ಲ. ಕರೆದಿದ್ದರೆ ಏನು ಅಂದುಬಿಡುತ್ತಿದ್ದೆನೋ.

ಮಿಲ್ಲಿನ ಗಲಾಟೆ ಕಿವಿಗೆ ಬಿದ್ದು ಸಂಜೆ ನೀನೇ ಫೋನ್ ಮಾಡಿದೆ. "ಒಂದಿಡಿ ಕಣವ್ವ. ಅದೂ ಒಂದ್ ಗೋದಿಯಾ? ನಮ್ಮವ್ವನ ಕಾಲ್ದಿಂದ್ಲೂ ರಾಗಿಗೆ ಅಷ್ಟು ಬೆರ್ಸೋದೆ. ಕೂಸು ವಸಿ ಮೈ ಕಟ್ಲಿ ಅಂತ ಈ ಸಲ ಇನ್ನೊಂದಿಡಿ ಜಾಸ್ತಿ ಆಕ್ದೆ" ಅಂದೆ. ಆಮೇಲೆ ನೀನು ಅಳುವುದಕ್ಕೆ ಶುರುಮಾಡಿದೆ. ಅವ್ವಾ, ಆ ಇನ್ನೊಂದು ಹಿಡಿಯನ್ನು ನಾನು ಹೇಗೆ ಕ್ಷಮಿಸಲಿ? ಮೊದಲನೆಯದು ಅಭ್ಯಾಸ. ರಾಗಿ ಮೊರಕ್ಕೆ ಬಂದ ಕೂಡಲೇ ನಿನ್ನ ಕೈ ತಾನಾಗಿ ಗೋಧಿ ಡಬ್ಬಕ್ಕೆ ಹೋಗುತ್ತದೆ, ಒಪ್ಪುತ್ತೇನೆ. ಎರಡನೆಯದನ್ನು ನೀನು ಯೋಚಿಸಿ ಹಾಕಿದೆ. ಡಾಕ್ಟರಿಗಿಂತ, ಹೆತ್ತ ನನಗಿಂತ ನಿನಗೇ ಹೆಚ್ಚು ಗೊತ್ತು ಅಂದುಕೊಂಡು ಹಾಕಿದೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರ ಮುಖ ನೋಡುತ್ತಿರಲಿಲ್ಲ. ನೀನಾದ್ದರಿಂದ ಸಿಟ್ಟು ಮಾಡಿಕೊಂಡು ಒಬ್ಬಳೇ ಬೇಯುತ್ತಿದ್ದೇನೆ.

ಒಂದು ವಿಷಯ ನಿನಗೆ ಗೊತ್ತಿಲ್ಲ. ಸ್ಪಂದನಳಿಗೆ ನಾನು ಇನ್ನೂ ಹೇಳಿಲ್ಲ. ತಪ್ಪು ಅಮ್ಮನದೇ ಅಂದುಕೊಂಡಿದ್ದಾಳೆ. ನಿನ್ನೆಯೂ ಬಾಳೆಹಣ್ಣು ಸುಲಿಯುತ್ತಾ, "ಅಜ್ಜಿ ಯಾವಾಗ್ ಬತ್ತಾಳೆ? ಅಜ್ಜಿ ಮಾಡುದ್ರೆ ತಿಂತೀನಿ" ಅಂದಳು. ನಿಜ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವಳು ನಂಬುವ ಕೈ ಒಂದೂ ಉಳಿಯುತ್ತಿರಲಿಲ್ಲ. ನುಂಗಿಕೊಂಡೆ. ಆದರೆ ಎಷ್ಟು ದಿನ ನುಂಗಲಿ? ಹೆತ್ತ ಮಗು ನನ್ನ ಕೈಯ ತುತ್ತಿಗೆ ಹೆದರುತ್ತಿದೆ.

ಅದನ್ನು ನೀನೇ ಹೇಳಬೇಕು. ಈ ಭಾನುವಾರ ಬಾ. ಅತ್ತು ಕರೆದು ಗಲಾಟೆ ಮಾಡಬೇಡ. ಗೋಧಿ ಹಾಕಿದ್ದು ನಾನು, ನಿಮ್ಮಮ್ಮನದು ಏನೂ ತಪ್ಪಿಲ್ಲ, ಇನ್ನು ಮೇಲೆ ಹಾಕುವುದಿಲ್ಲ ಅಂತ ಅವಳ ಮುಖ ನೋಡಿ ಹೇಳು. ಅವಳಿಗೆಂದೇ ಹೊಸ ಮಿಕ್ಸಿ ತಂದಿದ್ದೇನೆ. ಅವಳ ಕಣ್ಣೆದುರೇ ರಾಗಿ ಆರಿಸಿ, ತೊಳೆದು, ಒಣಗಿಸಿ ಪುಡಿ ಮಾಡೋಣ. ನೀನು ಹುರಿ, ನಾನು ಕಲಸುತ್ತೇನೆ. ತಿನ್ನುವುದು ಬಿಡುವುದು ಅವಳಿಗೆ ಬಿಟ್ಟದ್ದು.

ಮೊಮ್ಮಗಳ ಮನೆಗೆ ನೀನು ಒಂದು ದಿನವೂ ಬರಿಗೈಲಿ ಬಂದವಳಲ್ಲ. ಈ ಸಲ ಬರಿಗೈಲಿ ಬಾ. ನೀನು ಬಂದ ಕೂಡಲೇ ಅವಳು ನೋಡುವುದು ನಿನ್ನ ಚೀಲವನ್ನೇ. ಯಾಕಜ್ಜಿ ಏನೂ ತಂದಿಲ್ಲ ಅಂತ ಕೇಳುತ್ತಾಳೆ. ಆಗ ಹೇಳು.

ನಿನ್ನ ಮಂಡಿ ನೋವು ಕಡಿಮೆಯಾಗಲಿ, ಬಸ್ಸಿನಲ್ಲಿ ಕೂರಲು ಜಾಗ ಸಿಗಲಿ.

ಸಿಟ್ಟು ಇನ್ನೂ ಇಳಿಯದ ನಿನ್ನ ಮಗಳು,
ಕುಸುಮ
ಕೊಳ್ಳೇಗಾಲ