ಮದ್ದಿನ ಕೋಟು

ಮಾನ್ಯ ಸೊಳ್ಳೆ ನಿರ್ಮೂಲನ ಅಧಿಕಾರಿಗಳೇ,

ಮದ್ದು ಸಿಂಪಡಿಸುವವರು ತಮ್ಮ ಖಾಕಿ ಕೋಟನ್ನು ಮನೆಗೊಯ್ದು ಒಗೆದು ತರಬೇಕೆಂಬ ತಮ್ಮ ನಿಯಮ ನನ್ನ ತಂಗಿಯ ಮಗುವನ್ನು ಕೊಂದಿದೆ. ತಮಗೆ ಪುರುಸೊತ್ತು ಕಡಿಮೆಯೆಂದು ಮೊದಲೇ ಹೇಳಿಬಿಟ್ಟೆ.

ತಂಗಿಯ ಗಂಡ ಕಾಂತಪ್ಪನಿಗೆ ಈ ವರ್ಷದ ಹೊಸ ದ್ರಾವಣ ಕೊಡುವಾಗ ಕೆಲಸ ಮಾಡಿಸುವ ತಮ್ಮ ಮುಕಾದಮ ಹೇಳಿದ್ದು, "ಯೇ ದವಾ ಹೈ." ಕಾಂತಪ್ಪ ಮನೆಗೆ ಬಂದು ಮದ್ದು ಎಂದ. ನಮ್ಮ ಉಡುಪಿ ಕಡೆ ಕೆಮ್ಮಿಗೆ ಕುಡಿಸುವುದೂ ಮದ್ದು, ಬಾಣಂತಿಗೆ ತಿನ್ನಿಸುವುದೂ ಮದ್ದು. ಮುಂಬಯಿಯ ಮಲಾಡಿನ ನಮ್ಮ ಚಾಳಿನಲ್ಲಿ ತಿಗಣೆ ಕಾಟ ವಿಪರೀತ. ಕೋಟು ಬಿಚ್ಚಿಟ್ಟ ಚಾಪೆಯ ಮೇಲೆ ತಿಗಣೆ ಸತ್ತು ಬಿದ್ದದ್ದನ್ನು ತಂಗಿ ರಾಜೀವಿ ಕಂಡಳು. ಅಂದಿನಿಂದ ಆ ಕೋಟನ್ನೇ ಮಗುವಿನ ಅಡಿಗೆ ಹಾಸಿದಳು.

"ಪಾಪುವಿಗೆ ಇನ್ನು ತಿಗಣೆ ಕಚ್ಚುದಿಲ್ಲ ಅಣ್ಣ, ಇವರ ಕೋಟಲ್ಲಿ ಮದ್ದುಂಟಲ್ಲ!" ಎಂದು ಹೆಮ್ಮೆಪಟ್ಟಳು.

ಮಗುವಿಗೆ ಫಿಟ್ಸ್ ಬಂತು. ಆಸ್ಪತ್ರೆಯ ಡಾಕ್ಟರು ಅದರ ಬೆನ್ನು ಮೂಸಿ, ಯಾವುದರ ಮೇಲೆ ಮಲಗಿಸಿದ್ದಿರಿ ಎಂದು ಕೇಳಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು.

"ಕೋಟು ಕೊಟ್ಟದ್ದು ಕೆಲಸಗಾರನ ರಕ್ಷಣೆಗೆ, ಹಾಸಲು ಅಲ್ಲ" ಎಂದು ತಮ್ಮ ಕಚೇರಿ ಅಪ್ಪಣೆ ಕೊಡಿಸಿತು. ಅಪ್ಪಟ ಸತ್ಯ! ಕೋಟಿನೊಳಗಿದ್ದವನಿಗೆ ರಕ್ಷಣೆ; ಅದನ್ನು ಒಗೆಯುವವಳಿಗೆ ಏನು? ಯಾವುದಾದರೂ ಒಂದು ಭಾಷೆಯಲ್ಲಿ ಯಾರಾದರೂ ಅವಳಿಗೆ 'ವಿಷ' ಎಂದಿದ್ದರೇ?

ರಾಜೀವಿ ಈಗ ಖಾಲಿ ತೊಟ್ಟಿಲನ್ನು ಮೂಸುತ್ತಾಳೆ. ಇನ್ನೂ ವಾಸನೆ ಇದೆ ಎಂದು ತೊಳೆದ ನೆಲವನ್ನೇ ತೊಳೆಯುತ್ತಾಳೆ. ನನಗೆ ಭಯವಾಗುತ್ತದೆ, ಏಕೆಂದರೆ ಆ ವಾಸನೆ ನನಗೂ ಬರುತ್ತದೆ.

ಕಾಂತಪ್ಪ ಕೆಲಸ ಬಿಟ್ಟು ಕೋಟನ್ನು ತಮಗೇ ಒಪ್ಪಿಸಿದ. ಹೋದದ್ದು ತಿರುಗಿ ಬರುತ್ತದೆಂದು ನಂಬುವವನಲ್ಲ ನಾನು. ಆದರೆ ಮೊನ್ನೆ ಅದೇ ಕೋಟು ನಮ್ಮ ಚಾಳಿನ ಮೆಟ್ಟಿಲು ಹತ್ತಿ ಬಂತು. ರಾಜೀವಿ ಕೆಂಪು ನೂಲಿನಲ್ಲಿ ಹೊಲಿದ ಗುಂಡಿ ನನಗೆ ಗೊತ್ತಾಗದೇ? ಒಳಗಿದ್ದವನು ತಮ್ಮ ಹೊಸ ಕೆಲಸಗಾರ, ನಮ್ಮ ಚಾಳಿಗೇ ಬಾಡಿಗೆಗೆ ಬಂದ ವಿಜಾಪುರದ ಕಾಶಪ್ಪ. ಅವನ ಹೆಂಡತಿ ಅಂಬವ್ವ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ನನ್ನನ್ನು ಕೇಳಿದಳು:

"ಅಣ್ಣಾರ, ಈ ಕೋಟು ಹಾಸಿದ್ರ ತಗಣಿ ಸಾಯ್ತಾವಂತ, ಖರೇನ್ರಿ?"

"ತಿಗಣೆಯೂ ಸಾಯುತ್ತದೆ ತಾಯಿ" ಎಂದು ಕೋಟನ್ನು ಕಸಿದುಕೊಂಡೆ.

ಇನ್ನು ಮೇಲೆ ಕೋಟುಗಳು ತಮ್ಮ ಡಿಪೋ ದಾಟಬಾರದು. ಅಲ್ಲೇ ಕಳಚಲಿ, ಬೇರೆ ತೊಟ್ಟಿಯಲ್ಲಿ ಅಲ್ಲೇ ಒಗೆಯಲಿ. ಕೆಲಸಗಾರರು ಮೈ ತೊಳೆದುಕೊಂಡು ಮನೆಗೆ ಬರಲಿ. ಮದ್ದನ್ನು ವಿಷವೆಂದೇ ಕರೆಯಿರಿ. ಕಸಿದ ಕೋಟನ್ನು ಚಾಳಿನ ಹೊರಗೆ ಕೋಲಿಗೆ ತೂಗುಹಾಕಿದ್ದೇನೆ. ತಮ್ಮ ನಿಯಮದಂತೆ ಅದನ್ನು ಯಾರದಾದರೂ ಮನೆಯಲ್ಲಿ ಒಗೆಯಲೇಬೇಕಲ್ಲ, ತಮ್ಮ ಮನೆಗೆ ಕಳುಹಿಸಲೇ?

ಇಂತಿ,
ಹೆಸರಿಡುವ ಮೊದಲೇ ಅಳಿಯನನ್ನು ಮಣ್ಣು ಮಾಡಿದ ಸೋದರಮಾವ,
ಮೋನಪ್ಪ, ಮಲಾಡ್